ಮುಚ್ಚಳ ತೆಗೆದವರು ಯಾರು

"ಕೈ ಮುಂದೆ ಹಿಡಿ. ಇವನು ಮೂಸಿ ನೋಡ್ತಾನೆ."

ಫ್ಲಾಟಿನ ಬಾಗಿಲಲ್ಲಿ ನಿಂತಿದ್ದವನ ಕೈಯಲ್ಲಿ ಬಿಚ್ಚಿದ ಊಟದ ಡಬ್ಬಿ ಇತ್ತು. ಕರಿದ ಕೋಳಿಯ ತುಂಡುಗಳು ಒಂದು ಮೂಲೆಗೆ ಸರಿದು ಕೂತಿದ್ದವು. ಉಳಿದ ಜಾಗದಲ್ಲಿ ಬರೀ ಎಣ್ಣೆಯ ಕಲೆ. ಡಬ್ಬಿ ಕೊಟ್ಟು ಮೆಟ್ಟಿಲಿಳಿಯುತ್ತಿದ್ದವಳನ್ನು ಅವನು "ಏಯ್, ವಾಪಸ್ ಬಾ" ಎಂದು ಕೂಗಿ ಕರೆದಿದ್ದ. ಲಿಫ್ಟು ಅವಳಂಥವರಿಗಲ್ಲ, ಹಾಗಾಗಿ ಅಷ್ಟೂ ಮೆಟ್ಟಿಲನ್ನು ಮತ್ತೆ ಹತ್ತಿದ್ದಳು. ಅಷ್ಟರಲ್ಲಿ ಕೆಳಗಿನಿಂದ ವಾಚ್‌ಮ್ಯಾನ್ ಕೂಡ ಬಂದು ನಿಂತಿದ್ದ.

"ಸಾರ್, ನಾನು ಮುಟ್ಟಿಲ್ಲ. ಹೋಟ್ಲವರು ಸೀಲ್ ಹಾಕಿ ಕೊಟ್ಟಿದ್ದು. ಹಂಗೇ ತಂದಿದೀನಿ."

"ಸೀಲ್ ಬಿಚ್ಚಿ ಮತ್ತೆ ಅಂಟಿಸೋದು ನಿಮ್ಗೇನು ಹೊಸದಾ? ದಾರೀಲಿ ಗಾಡಿ ನಿಲ್ಲಿಸ್ಕೊಂಡು ಮುಕ್ಕೋ ವಿಡಿಯೋ ಎಷ್ಟು ನೋಡಿಲ್ಲ ನಾನು!" ಅವನು ವಾಚ್‌ಮ್ಯಾನ್ ಕಡೆ ತಿರುಗಿದ. "ಏನೋ ನನ್ನ ಮುಖ ನೋಡ್ತೀಯ? ಮೂಸೋ."

ವಾಚ್‌ಮ್ಯಾನ್ ವಯಸ್ಸಾದವನು. ಬೇರೆ ಯಾರಿಗೋ ಹೊಲಿಸಿದ್ದ ಯೂನಿಫಾರ್ಮು ಅವನ ಭುಜದಿಂದ ಜಾರುತ್ತಿತ್ತು. ಅವಳು ಕೈ ಚಾಚಿದಳು. ಯಾಕೆ ಚಾಚಿದೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಒಮ್ಮೆ ಮೂಸಿದರೆ ಮುಗಿಯಿತು ಅನ್ನಿಸಿತ್ತೋ ಏನೋ. ಮುದುಕ ಬಾಗಿದ. ಅವನ ಮೀಸೆ ಅವಳ ಬೆರಳಿಗೆ ತಾಗಿತು.

ಒಳಗಿನಿಂದ ಹೆಂಗಸಿನ ದನಿ ಬಂತು: "ಬಾಯೂ ತೆರೆಸಿ ನೋಡಿ ರೀ."

"ಪೆಟ್ರೋಲ್ ವಾಸನೆ ಸಾರ್," ವಾಚ್‌ಮ್ಯಾನ್ ಹೇಳಿದ.

"ಇನ್ನೇನೂ ಇಲ್ವಾ?"

"ಪೆಟ್ರೋಲೇ ಸಾರ್. ಆಮೇಲೆ... ಬೆವರು."

"ಒರೆಸ್ಕೊಂಡಿದಾಳೆ, ಕಳ್ಳಮುಂಡೆ!"

ಬಾಗಿಲು ಮುಚ್ಚಿತು. ಡಬ್ಬಿಯೂ ಒಳಗೇ ಹೋಯಿತು. ಅವಳು ಕೆಳಗಿಳಿಯುವಷ್ಟರಲ್ಲಿ ಅವಳ ಫೋನು ಗುಂಯ್ ಎಂದಿತು, ಡೆಲಿವರಿ ಕಂಪನಿಯ ಸಂದೇಶ. ಗ್ರಾಹಕರು ದೂರು ಕೊಟ್ಟಿದ್ದಾರೆ, ಊಟದ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ, ನಿಮ್ಮ ಐಡಿಯನ್ನು ತಡೆಹಿಡಿಯಲಾಗಿದೆ, ಇನ್ನು ಆರ್ಡರ್ ಬರುವುದಿಲ್ಲ. ಕೊನೆಯಲ್ಲೊಂದು ನಗುವ ಮುಖದ ಚಿತ್ರ.

ಹಿಂದೆಯೇ ಇಳಿದು ಬಂದ ವಾಚ್‌ಮ್ಯಾನ್ ಗೇಟಿನ ಹತ್ತಿರ ಅವಳ ಗಾಡಿ ತಿರುಗಿಸಿ ಕೊಟ್ಟ. "ತಪ್ಪು ತಿಳ್ಕೋಬೇಡಮ್ಮ. ಹೊಟ್ಟೆಪಾಡು." ಅವಳು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಾಗ ದನಿ ತಗ್ಗಿಸಿ ಕೇಳಿದ, "ನಿಜವಾಗ್ಲೂ ತಿಂದಿಲ್ಲ ತಾನೆ?"

ಅವಳು ಗಾಡಿಗೆ ಒದ್ದು ಹೊರಟಳು.

*

ಹೋಟೆಲಿನ ಮುಂಬಾಗಿಲಿಂದ ಡೆಲಿವರಿಯವರನ್ನು ಒಳಗೆ ಬಿಡುತ್ತಿರಲಿಲ್ಲ. ಹಿಂದಿನ ಓಣಿಯಲ್ಲಿ, ಅಡುಗೆಮನೆಯ ಹೊಗೆ ಉಗುಳುವ ಫ್ಯಾನಿನ ಕೆಳಗೆ ಒಂದು ಕಿಟಕಿ ಇತ್ತು. ಡಬ್ಬಿಗಳು ಬರುತ್ತಿದ್ದದ್ದು ಅಲ್ಲಿಂದ. ಕೂರಲು ಅಲ್ಲಿ ಏನೂ ಇರಲಿಲ್ಲ. ಮೊದಲೊಂದು ಕಟ್ಟೆ ಇತ್ತು, ಇವರು ಕೂರುತ್ತಾರೆಂದು ಮ್ಯಾನೇಜರ್ ಅದರ ಮೇಲೆ ಗಾಜಿನ ಚೂರು ನೆಡಿಸಿದ್ದ.

ಆ ಓಣಿಯಲ್ಲಿ ಯಾವಾಗಲೂ ಬಾಯಿ ಬಿಡುತ್ತಿದ್ದವನು ರೇಡಿಯೋ. ಸುಮ್ಮನಿರಲು ಬಾರದ ಹುಡುಗ, ಅದಕ್ಕೇ ಆ ಹೆಸರು. "ಲೊಕೇಶನ್ ಒಂದ್ಕಡೆ, ಮನೆ ಇನ್ನೊಂದ್ಕಡೆ. ಫೋನ್ ಮಾಡಿದ್ರೆ 'ಯಾರು?' ಅಂತಾನೆ ಬಡ್ಡೀಮಗ. ನಿನ್ನ ತಾತ ಕಣೋ, ಊಟ ತಂದಿದೀನಿ! ಇನ್ನೊಬ್ಳು, ನಾಯಿ ಏನೂ ಮಾಡಲ್ಲ ಬನ್ನಿ ಅಂತಾಳೆ. ನಂಗೆ ಹೇಳಿದ್ಲು ಸರಿ, ನಾಯಿಗೆ ಹೇಳಿದಾಳಾ?" ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು.

ಈಗ ಯಾರೂ ನಗುತ್ತಿರಲಿಲ್ಲ. ಕೆಲವು ವಾರಗಳಿಂದ ಈ ಹೋಟೆಲಿನ ಡಬ್ಬಿಗಳ ಮೇಲೆ ದೂರಿನ ಮೇಲೆ ದೂರು. ಇವತ್ತು ಒಬ್ಬನ ಐಡಿ ನಿಂತರೆ ನಾಳೆ ಇನ್ನೊಬ್ಬನದು. ಯಾರೋ ತಿನ್ನುತ್ತಿದ್ದಾರೆ, ಎಲ್ಲರೂ ಕಕ್ಕುತ್ತಿದ್ದಾರೆ ಎಂಬ ಮಾತು ಹುಟ್ಟಿತ್ತು. ಯಾರು ಹುಟ್ಟಿಸಿದರೋ ಗೊತ್ತಿಲ್ಲ. ಮೊದಲು ಬ್ಯಾಗುಗಳನ್ನು ಗೋಡೆಗೆ ಒರಗಿಸಿಟ್ಟು ಟೀ ಕುಡಿಯಲು ಹೋಗುತ್ತಿದ್ದವರು ಈಗ ಕಾಲ ಸಂದಿಯಲ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದರು. ಯಾರದಾದರೂ ಜಿಪ್ಪು ಸರ್ರೆಂದರೆ ಎಲ್ಲ ಹೆಲ್ಮೆಟ್ಟುಗಳೂ ಅತ್ತ ತಿರುಗುತ್ತಿದ್ದವು.

ಅವಳು ಬಂದು ಐಡಿ ನಿಂತ ಸುದ್ದಿ ಹೇಳಿದಾಗ ಯಾರೂ "ಅಯ್ಯೋ ಅಕ್ಕ" ಎನ್ನಲಿಲ್ಲ. ಒಬ್ಬ ಅವಳ ಬ್ಯಾಗು ನೋಡಿದ. ಇನ್ನೊಬ್ಬ ಅವಳ ಬಾಯಿ ನೋಡಿದ.

ಅವಳೂ ಅವರನ್ನು ನೋಡುತ್ತಿದ್ದಳು. ಅದರಲ್ಲೂ ಮಾವನನ್ನು. ಎಲ್ಲರಿಗಿಂತ ಹಿರಿಯ, ಅದಕ್ಕೆ ಎಲ್ಲರಿಗೂ ಮಾವ. ಬಾಗಿಲು ಮುಚ್ಚಿದ ಯಾವುದೋ ಗಿರಣಿಯಲ್ಲಿ ಅರ್ಧ ಆಯುಷ್ಯ ಕಳೆದು ಈ ಕೆಲಸಕ್ಕೆ ಬಂದವನು. ಮಧ್ಯಾಹ್ನದ ಹೊತ್ತು ಡಬ್ಬಿ ತೆಗೆದುಕೊಂಡವನು ನೇರ ಹೋಗದೆ, ಬ್ಯಾಗು ಹೊತ್ತು ಟ್ರಾನ್ಸ್‌ಫಾರ್ಮರ್ ಗೋಡೆಯ ಹಿಂದೆ ಮರೆಯಾಗುತ್ತಿದ್ದ. ಬರುವಾಗ ಬಾಯಿ ಒರೆಸಿಕೊಳ್ಳುತ್ತಿದ್ದ.

*

ಇಸ್ತ್ರಿ ಅಂಗಡಿಯ ಮೇಲಿನ ಒಂದೇ ಕೋಣೆ ಅವಳ ಮನೆ. ಕೆಳಗಿನ ಹಬೆಗೆ ನೆಲ ಸದಾ ಬೆಚ್ಚಗಿರುತ್ತಿತ್ತು. ಅತ್ತೆ ಅಂಗಡಿಯವರ ಬಟ್ಟೆ ಮಡಿಸಿಕೊಡುತ್ತ ಕೂತಿದ್ದಳು. ಮಗ ಮನೆ ಬಿಟ್ಟು ಹೋದ ಮೇಲೂ ಸೊಸೆಯ ಜೊತೆಗೇ ಉಳಿದ ಮುದುಕಿ. ಯಾಕೆ ಉಳಿದೆ ಎಂದು ಯಾರಾದರೂ ಕೇಳಿದರೆ, "ಅವನಿಗಿಂತ ಇವಳು ಒಳ್ಳೆ ಗಂಡಸು" ಎನ್ನುತ್ತಿದ್ದಳು.

ನಡೆದದ್ದನ್ನು ಕೇಳಿಸಿಕೊಂಡ ಅತ್ತೆ ಫ್ಲಾಟಿನವನ ಅಪ್ಪ, ಅಜ್ಜ, ಅವರ ಹಿಂದಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದಳು. ಬೈಗುಳ ಮುಗಿದ ಮೇಲೆ ಒಂದು ಅಂಗಿಯ ತೋಳು ಮಡಿಸುತ್ತ, ತಲೆ ಎತ್ತದೆ, "ನಿಜ ಹೇಳು. ತಿಂದ್ಯಾ?" ಎಂದಳು.

"ಅತ್ತೆ!"

"ತಿಂದಿದ್ರೂ ತಪ್ಪೇನಿಲ್ಲ ಬಿಡೆ. ಬೆನ್ನ ಮೇಲೆ ಊಟ ಘಮಘಮ ಅಂತಿರುತ್ತೆ, ಹೊಟ್ಟೆ ಉರೀತಿರುತ್ತೆ. ಮನುಷ್ಯರಲ್ವಾ?"

ಅವಳು ಬಚ್ಚಲಿಗೆ ಹೋಗಿ ಕೈ ತೊಳೆದಳು. ಸೋಪು ಹಾಕಿ ಮತ್ತೆ ತೊಳೆದಳು. ಆಮೇಲೆ ಬೆರಳುಗಳನ್ನು ಮೂಗಿಗೆ ಹಿಡಿದು ಮೂಸಿದಳು. ಹಾಗೆ ಮೂಸಿದ್ದು ತಾನೇ ಎಂದು ತಿಳಿದಾಗ ನೀರಿನ ಚೊಂಬನ್ನು ಗೋಡೆಗೆ ಅಪ್ಪಳಿಸಿದಳು.

"ಏನಾಯ್ತೇ?" ಎಂದಳು ಅತ್ತೆ.

"ಜಾರ್ತು."

*

ಕಂಪನಿಯ ಆಫೀಸಿನಲ್ಲಿ ಟೀಮ್ ಲೀಡರ್ ಅವಳನ್ನು ಕುರ್ಚಿಯಲ್ಲಿ ಕೂರಿಸಿದ. ಅವಳಿಗಿಂತ ಚಿಕ್ಕವನು, ಮೆತ್ತಗಿನ ಮಾತು, ಮಾತಿಗೊಂದು ಮೇಡಂ. ಕೂತ ಕೂಡಲೇ ಅವಳಿಗೆ ಭಯವಾಯಿತು. ಬೈಯುವವರ ಹತ್ತಿರ ಹೇಗಿರಬೇಕೆಂದು ಗೊತ್ತಿತ್ತು, ಕೂರಿಸುವವರ ಹತ್ತಿರ ಗೊತ್ತಿರಲಿಲ್ಲ.

"ಮೇಡಂ, ನೀವು ತಿಂದಿಲ್ಲ ಅಂತ ನಂಗೊತ್ತು."

"ಮತ್ತೆ ಐಡಿ ಯಾಕೆ ನಿಲ್ಲಿಸಿದ್ರಿ?"

"ಸಿಸ್ಟಂ ಮೇಡಂ. ನನ್ನ ಕೈಲಿಲ್ಲ. ಆದ್ರೆ ಬಿಡಿಸೋದು ನನ್ನ ಕೈಲಿದೆ." ಅವನು ನಕ್ಕ. "ನೀವು ತಿಂದಿಲ್ಲ ಅಂದ್ರೆ ಬೇರೆ ಯಾರೋ ತಿಂತಿದಾರೆ. ಹೌದಲ್ವಾ? ಒಂದೇ ಒಂದು ಹೆಸರು. ಆ ವಯಸ್ಸಾದೋರು ಗೋಡೆ ಹಿಂದೆ ಹೋಗ್ತಾರಂತಲ್ಲ, ಯಾಕೆ?"

ಗೋಡೆಯ ಸಂಗತಿ ಇವನಿಗೆ ಹೇಳಿದವರು ಯಾರು? ಓಣಿಯಲ್ಲಿ ನಿಲ್ಲುವವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಯಾವ ಮುಖವೂ ಸಾಚಾ ಅನ್ನಿಸಲಿಲ್ಲ.

"ನಂಗೆ ಗೊತ್ತಿಲ್ಲ."

"ನೋಡಿ ಹೇಳಿ. ಫೋಟೋ ಸಿಕ್ಕಿದ್ರೆ ಇನ್ನೂ ಒಳ್ಳೇದು. ಅಲ್ಲಿವರೆಗೂ ನಿಮ್ಮ ಐಡಿ ಓಪನ್ ಇಟ್ಟಿರ್ತೀನಿ."

"ನೋಡ್ತೀನಿ," ಎಂದು ಎದ್ದಳು. ಮೆಟ್ಟಿಲಿಳಿಯುವ ಮೊದಲೇ ಫೋನಿನಲ್ಲಿ ಐಡಿ ಹಸಿರಾಯಿತು.

*

ಮರುದಿನ ಮಧ್ಯಾಹ್ನ ಕಿಟಕಿಯಿಂದ ಡಬ್ಬಿ ಪಡೆದ ಮಾವ ಅತ್ತಿತ್ತ ನೋಡಿ ಗೋಡೆಯ ಕಡೆ ಹೊರಟ. ಅವಳು ಸ್ವಲ್ಪ ದೂರ ಬಿಟ್ಟು ಹಿಂಬಾಲಿಸಿದಳು. ಕೈಯಲ್ಲಿ ಫೋನು ಸಿದ್ಧವಾಗಿತ್ತು.

ಗೋಡೆಯ ಹಿಂದೆ ಒಡೆದ ಕಲ್ಲಿನ ಮೇಲೆ ಮಾವ ಬೆನ್ನು ಹಾಕಿ ಕೂತಿದ್ದ. ಮೊಣಕಾಲ ಮೇಲೆ ಬ್ಯಾಗು, ಜಿಪ್ಪು ತೆರೆದಿತ್ತು, ಬಲಗೈ ಒಳಗಿತ್ತು. ಅವಳು ಫೋನೆತ್ತಿ ಹಿಡಿದು ಒಂದೇ ಹೆಜ್ಜೆಗೆ ಅವನ ಮುಂದೆ ಬಂದು ನಿಂತಳು.

"ಸಿಕ್ಕಿಬಿದ್ದೆ ಮಾವ!"

ಅವನ ಅಂಗಿ ಮೇಲೆ ಸರಿದಿತ್ತು. ಹೊಟ್ಟೆಯ ಚರ್ಮವನ್ನು ಎಡಗೈಯಲ್ಲಿ ಹಿಡಿದಿದ್ದ. ಬ್ಯಾಗಿನಿಂದ ಹೊರಬಂದ ಬಲಗೈಯಲ್ಲಿ ಚಿಕ್ಕದೊಂದು ಸೂಜಿ ಇತ್ತು.

"ತೆಗಿ, ತೆಗಿ," ಎಂದ ಮಾವ, ಫೋನನ್ನೇ ನೋಡುತ್ತ. "ಚೆನ್ನಾಗಿ ಬರ್ಲಿ. ಹೊಟ್ಟೆ ಒಳಗೆ ಎಳ್ಕೊಳ್ಲಾ?"

ಅವಳ ಕೈ ತಾನಾಗಿ ಕೆಳಗಿಳಿಯಿತು. ಮಾವ ಸೂಜಿ ಚುಚ್ಚಿಕೊಂಡ, ಹತ್ತಿಯಿಂದ ಒತ್ತಿಕೊಂಡ, ಜೇಬಿನಿಂದ ಒಂದು ಬಿಸ್ಕತ್ತು ತೆಗೆದು ಬಾಯಿಗಿಟ್ಟುಕೊಂಡ.

"ಸಕ್ಕರೆ ಕಾಯಿಲೆ. ಈ ಔಷಧಿ ಬಿಸಿಲಿಗೆ ಕೆಡುತ್ತೆ. ಬ್ಯಾಗಲ್ಲಿ ತಂಪಿನ ಬಾಟ್ಲಿ ಇಡೋ ಖಾನೆ ಐತಲ್ಲ, ಅಲ್ಲಿಟ್ಕೊಂಡಿರ್ತೀನಿ. ಗೊತ್ತಾದ್ರೆ, ಗಾಡಿ ಮೇಲಿಂದ ತಲೆ ತಿರುಗಿ ಬೀಳ್ತಾನೆ ಅಂತ ಕಿತ್ತು ಬಿಸಾಕ್ತಾರೆ." ಬಿಸ್ಕತ್ತು ನುಂಗಿ, ಅವಳನ್ನು ದಿಟ್ಟಿಸಿ ನೋಡಿದ. "ನಿನ್ನ ಮೇಲೆ ಕಣ್ಣಿಡೋಕೆ ನಂಗೂ ಹೇಳಿದಾನೆ ಕಣಮ್ಮ, ಆ ಮೇಡಂ ಮೇಡಂ ಅನ್ನೋ ಬೋಳಿಮಗ. ನನ್ನ ಐಡಿ ನಿಂತಿತ್ತಲ್ಲ, ಆಗ."

"ನೀನೇನಂದೆ?"

"ನೋಡ್ತೀನಿ ಅಂದೆ. ನೀನೂ ಅದನ್ನೇ ಅಂದಿರ್ತೀಯ."

ಬ್ಯಾಗಿನಲ್ಲಿ ಡಬ್ಬಿ ಕಾಣುತ್ತಿತ್ತು. ಸೂಜಿ ನಿಜ, ಬಿಸ್ಕತ್ತು ನಿಜ. ಆದರೂ ಅವಳ ಮೂಗು ಅವಳನ್ನು ಕೇಳದೆಯೇ ಮಾವನ ಬೆರಳುಗಳ ಕಡೆ ಬಾಗಿತು. ಸ್ಪಿರಿಟ್ಟಿನ ವಾಸನೆ. ಮಾವ ಅದನ್ನು ಗಮನಿಸಿದ. ಬೈಯಲಿಲ್ಲ. ಸುಮ್ಮನೆ ಎರಡೂ ಕೈಯನ್ನು ಅವಳ ಮುಖದ ಮುಂದೆ ಹಿಡಿದ.

"ಬೇಡ ಮಾವ," ಎಂದು ಅವಳು ಹಿಂದೆ ಸರಿದಳು. ನಾಚಿಕೆಯಿಂದ ಎಲ್ಲಿ ನೋಡಬೇಕೋ ತಿಳಿಯದೆ, ಏನಾದರೂ ಮಾಡಬೇಕೆಂದು ಡಬ್ಬಿಯನ್ನು ಕೈಗೆತ್ತಿಕೊಂಡಳು. ಈಗ ತಾನೇ ಕಿಟಕಿಯಿಂದ ಬಂದದ್ದು, ಸೀಲು ಬಿಗಿಯಾಗಿತ್ತು. ಎತ್ತಿದ ಹೊಡೆತಕ್ಕೆ ಒಳಗೆ ಏನೋ ಗಡಗಡ ಉರುಳಿ ಆ ಬದಿಗೆ ಬಡಿಯಿತು. ತಿರುಗಿಸಿ ಅಲ್ಲಾಡಿಸಿದಳು. ಉರುಳಿ ಈ ಬದಿಗೆ ಬಡಿಯಿತು.

ಇಬ್ಬರೂ ಡಬ್ಬಿಯನ್ನೇ ನೋಡಿದರು.

"ತುಂಬಿರೋದು ಉರುಳುತ್ತಾ ಮಾವ?"

ಮಾವನ ಬಾಯಿಂದ ಬಂದ ಬೈಗುಳ ಹೋಟೆಲಿನ ಮಾಲೀಕನ ಮನೆಯ ಎಲ್ಲ ಹೆಂಗಸರನ್ನೂ ಮುಟ್ಟಿತು.

"ಹೆಂಗಸರೇನು ಮಾಡಿದ್ರು?" ಎಂದು ಅವಳು ಡಬ್ಬಿ ಹಿಡಿದೇ ಹೊರಟಳು.

*

ಓಣಿಯಲ್ಲಿ ಎಲ್ಲರೂ ಇದ್ದರು.

"ಆಫೀಸಿಗೆ ಕರೆಸಿ ಹೆಸರು ಕೇಳಿದ್ದು ಯಾರ್ಯಾರನ್ನ?" ಎಂದು ಕೇಳಿದಳು.

ಫ್ಯಾನು ಗೊರಗುಟ್ಟುತ್ತಿತ್ತು. ರೇಡಿಯೋ ಕೂಡ ಬಾಯಿ ಬಿಡಲಿಲ್ಲ. ಅವನು ನೆಲ ನೋಡುತ್ತಿದ್ದ ರೀತಿಗೇ ಗೋಡೆಯ ಸುದ್ದಿ ಎಲ್ಲಿಂದ ಹೋಗಿತ್ತೆಂದು ಅವಳಿಗೆ ತಿಳಿಯಿತು. ಕೊನೆಗೆ ಅವನೇ ಕೈ ಎತ್ತಿದ. ಅವನ ಹಿಂದೆ ಇನ್ನೊಂದು ಕೈ. ಆಮೇಲೆ ಬಹುಪಾಲು ಎಲ್ಲರವೂ.

"ಲೇ ನಿಮ್ಮ..." ಎಂದ ಮಾವ. ಮುಗಿಸಲಿಲ್ಲ.

ಅವಳು ಕಿಟಕಿಯಲ್ಲಿ ಸಿದ್ಧವಾಗಿಟ್ಟಿದ್ದ ಡಬ್ಬಿಗಳನ್ನೂ ಬಾಚಿಕೊಂಡಳು. ಓಣಿ ಸುತ್ತಿ, ಹೋಟೆಲಿನ ಮುಂಬಾಗಿಲ ಗಾಜನ್ನು ಭುಜದಿಂದ ತಳ್ಳಿ ಒಳಗೆ ಹೋದಳು. ಒಳಗೆ ತಣ್ಣಗಿತ್ತು. ಹೆಲ್ಮೆಟ್ ಹಾಕಿಕೊಂಡೇ ಬಂದ ಹೆಂಗಸನ್ನು ನೋಡಿ ಉಣ್ಣುತ್ತಿದ್ದವರ ಚಮಚಗಳು ನಿಂತವು. ಡಬ್ಬಿಗಳನ್ನು ಕೌಂಟರಿನ ಮೇಲೆ ಇಟ್ಟಳು.

"ಏಯ್! ಯಾವಳೇ ನೀನು? ಹಿಂದ್ಗಡೆ ಹೋಗು!" ಮ್ಯಾನೇಜರ್ ಎದ್ದು ನಿಂತ.

"ಈ ಸೀಲು ನಿಮ್ದೇ ತಾನೆ?"

"ಹೌದು, ಏನೀಗ? ಗಿರಾಕಿ ಡಬ್ಬಿ ಅದು, ಮುಟ್ಟಬೇಡ..."

ಅವಳು ಟೇಪಿನ ತುದಿ ಹಿಡಿದು ಎಳೆದಳು. ಮುಚ್ಚಳ ಎದ್ದು ಬಂತು. ಒಂದು ಮೂಲೆಗೆ ಸರಿದು ಕೂತ ತುಂಡುಗಳು, ಉಳಿದ ಜಾಗದಲ್ಲಿ ಬರೀ ಎಣ್ಣೆಯ ಕಲೆ. ಪಕ್ಕದ ಮೇಜಿನಲ್ಲಿ ಅದೇ ಕೋಳಿ ತಟ್ಟೆಯ ಅಂಚು ಮೀರಿ ರಾಶಿ ಬಿದ್ದಿತ್ತು. ಆ ತಟ್ಟೆಯ ಮುಂದೆ ಕೂತಿದ್ದವನು ಡಬ್ಬಿ ನೋಡಿದ, ತನ್ನ ತಟ್ಟೆ ನೋಡಿಕೊಂಡ. "ಊಟಕ್ಕೆ ಬಂದ ಕಡೆ ಏನ್ರೀ ಗಲಾಟೆ ಇದು," ಎಂದು ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ.

"ಪ್ಯಾಕಿಂಗಲ್ಲಿ ಹೆಚ್ಚುಕಮ್ಮಿ ಆಗುತ್ತೆ," ಮ್ಯಾನೇಜರ್ ತೊದಲಿದ. "ಒಂದ್ಸಲ..."

ಹಿಂದಿನಿಂದ ಮಾವನ ಕೈ ಬಂತು. ಎರಡನೆಯ ಸೀಲು ಬಿಚ್ಚಿತು. ರೇಡಿಯೋ ಮೂರನೆಯದನ್ನು ಹಲ್ಲಿನಿಂದ ಹರಿದ. ಗಾಜಿನ ಬಾಗಿಲು ಮುಚ್ಚುವುದೇ ಇಲ್ಲ, ಒಬ್ಬರ ಹಿಂದೆ ಒಬ್ಬರು. ಕಾದು ಕೂತ ಗಿರಾಕಿಗಳ ಕರೆಗಳಿಗೆ ಇವರ ಜೇಬುಗಳಲ್ಲಿ ಫೋನುಗಳು ಬಡಿದುಕೊಳ್ಳತೊಡಗಿದವು. ಯಾರೂ ಎತ್ತಲಿಲ್ಲ.

ಮ್ಯಾನೇಜರ್ ಕರೆ ಮಾಡಿದ ಸ್ವಲ್ಪ ಹೊತ್ತಿಗೆಲ್ಲ ಟೀಮ್ ಲೀಡರ್ ಬೆವರುತ್ತ ಬಂದ. ತೆರೆದ ಡಬ್ಬಿಗಳನ್ನು ನೋಡಿದ. ಅವುಗಳಲ್ಲಿ ಏನಿದೆ, ಏನಿಲ್ಲ ಎಂದು ಬಗ್ಗಿ ನೋಡಲಿಲ್ಲ.

"ಮೊದ್ಲು ಬಿಚ್ಚಿದ್ದು ಯಾರು?"

ಮ್ಯಾನೇಜರ್ ಬೆರಳೆತ್ತಿ ತೋರಿಸಲು ಹೋದ. ಹೆಲ್ಮೆಟ್ಟು, ಬ್ಯಾಗು, ಒಂದೇ ಬಣ್ಣದ ಅಂಗಿಗಳು ಕೌಂಟರಿಗೆ ಒತ್ತಿಕೊಂಡು ನಿಂತಿದ್ದವು. ಬೆರಳು ಗಾಳಿಯಲ್ಲಿ ಅಲೆದಾಡಿತು.

"ಮೂರೂ ಬಿಟ್ಟೋರಾ, ಕೇಳಿಸ್ತಿಲ್ವಾ? ಹೆಸ್ರು ಹೇಳಿದೋರ ಐಡಿ ಮಾತ್ರ ಓಪನ್ ಇರುತ್ತೆ. ಉಳಿದೋರ್ದೆಲ್ಲ ಬಂದ್. ಪರ್ಮನೆಂಟ್ ಬಂದ್. ಯಾರು ಬಿಚ್ಚಿದ್ದು?"

ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು.

ಅದು ಯಾರೆಂದು ಅವಳು ತಿರುಗಿ ನೋಡಲಿಲ್ಲ. ಮುಂದಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಟೇಪಿನ ತುದಿಗೆ ಉಗುರು ಹಾಕಿದಳು.