ಮೋಡದ ಗಂಟೆ

ಮೂರನೆಯ ಸಲ ಬಾಗಿಲು ಬಡಿದಾಗಲೂ ಕೀಲಿಯಾನ್ ಬೆಂಚಿನಿಂದ ಏಳಲಿಲ್ಲ. ಎದುರಿಗೆ ಬಟ್ಟಲಿನಲ್ಲಿದ್ದ ಮಜ್ಜಿಗೆ ಸಾರು ಆರಿ ಕೆನೆಗಟ್ಟಿತ್ತು. ಅದರ ಪಕ್ಕದಲ್ಲಿ ಗಂಟೆಗೋಪುರದ ಬೀಗದಕೈ, ಗೇಣುದ್ದದ ಕಬ್ಬಿಣ. ನಲವತ್ತು ವರ್ಷ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗಿದವನಿಗೆ ಇವತ್ತು ಅದರ ಕಡೆ ನೋಡಲೂ ಬೇಸರ.

"ಕೀಲಿಯಾನಾ, ಒಳಗಿದ್ದೀಯೋ ಸತ್ತಿದ್ದೀಯೋ? ಪಡುವಣ ಕಡೆ ನೋಡಿದ್ಯಾ?" ಹೊರಗಿನಿಂದ ಊರ ಹಿರಿಯ ಉರ್ಬಾನನ ದನಿ.

ನೋಡದೆ ಏನು? ಬೆಟ್ಟದ ಸಾಲಿನ ಮೇಲೆ ಮೋಡ ಹಂಡೆಯ ತಳದಂತೆ ಕಪ್ಪಗೆ ಕುಳಿತಿತ್ತು. ಅಂಚಿನಲ್ಲಿ ಒಂದು ಕೆಟ್ಟ ಹಸಿರು ಬಣ್ಣ. ಆ ಹಸಿರು ಕಂಡರೆ ಆಲಿಕಲ್ಲು ಎಂದು ಲಿಂಡಾಖ್ ಊರಿನ ಕೂಸಿಗೂ ಗೊತ್ತು. ಹೊಲದಲ್ಲಿ ರೈ ಧಾನ್ಯದ ಪೈರು ಬಲಿತು ನಿಂತಿತ್ತು. ಕುಡುಗೋಲು ಹಾಕಲು ನಾಲ್ಕು ದಿನ ಬಾಕಿ.

ಅಂಥ ಮೋಡ ಬಂದಾಗ ಇಗರ್ಜಿಯ ದೊಡ್ಡ ಗಂಟೆ ಬಾರಿಸುವುದು ಆ ಕಣಿವೆಯ ಪದ್ಧತಿ. ಗಂಟೆಗೆ ಅನ್ನಾ ಎಂದು ಹೆಸರಿಟ್ಟು, ಪವಿತ್ರಜಲ ಚಿಮುಕಿಸಿ ಮೇಲೇರಿಸಿದ್ದರು. ಅವಳ ದನಿಗೆ ಮೋಡ ಒಡೆದು ಚೆದುರುತ್ತದೆ ಎಂಬುದನ್ನು ಅಜ್ಜನ ಅಜ್ಜನೂ ಅನುಮಾನಿಸಿರಲಿಲ್ಲ. ಆದರೆ ಹಗ್ಗ ಹಿಡಿಯುವವನ ಮನಸ್ಸು ಶುದ್ಧವಿರಬೇಕು. ಮೇ ತಿಂಗಳಿಂದ ಕೊಯ್ಲಿನವರೆಗೆ ಅವನು ವಾರಕ್ಕೊಮ್ಮೆ ಪಾದ್ರಿಯ ಮುಂದೆ ಪಾಪನಿವೇದನೆ ಮಾಡಿಕೊಳ್ಳಬೇಕು, ಶುಕ್ರವಾರ ಉಪವಾಸ ಇರಬೇಕು. ಕೊಯ್ಲು ಮುಗಿದ ಮೇಲೆ ಮನೆಗೊಂದರಂತೆ ಪೈರಿನ ಕಟ್ಟನ್ನು, ಸಿವುಡನ್ನು, ಅವನ ಬಾಗಿಲಿಗೆ ತಂದು ಒರಗಿಸುತ್ತಿದ್ದರು. ಮೋಡ ಓಡಿತೋ, ಅದು ಅನ್ನಾಳ ಹೆಚ್ಚುಗಾರಿಕೆ. ಆಲಿಕಲ್ಲು ಬಿತ್ತೋ, ಎಳೆದವನ ಪಾಪ. ಗಂಟೆ ಒಂದು ದಿನವೂ ಸೋಲದ ಹಾಗೆ ಎಂಥ ಚೆಂದದ ನ್ಯಾಯ ಕಟ್ಟಿಕೊಂಡಿದ್ದರು ನೋಡಿ.

ಹದಿನೈದು ದಿನದ ಹಿಂದೆ ಆ ನ್ಯಾಯಕ್ಕೆ ಕೊಡಲಿ ಬಿತ್ತು. ಹೊಸ ಪಾದ್ರಿ ಆನ್ಸೆಲ್ಮ್, ಇನ್ನೂ ಮೂವತ್ತು ತುಂಬದವರು, ಭಾನುವಾರದ ಪೂಜೆಯ ಕೊನೆಗೆ ಚಕ್ರವರ್ತಿಗಳ ಆಜ್ಞೆ ಓದಿದರು. ಇನ್ನು ಮುಂದೆ ಮೋಡಕ್ಕೆ ಗಂಟೆ ಬಾರಿಸಕೂಡದು. ಅದು ಮೂಢನಂಬಿಕೆ, ಪ್ರಾಣಕ್ಕೂ ಅಪಾಯ. ಓದಿ ಬಿಟ್ಟಿದ್ದರೆ ಸಾಕಿತ್ತು. ಅವರು ಊರವರನ್ನೆಲ್ಲ ಶಾಲೆಯ ಕೋಣೆಗೆ ಕರೆದು ಒಂದು ಗಾಜಿನ ಗೋಳ ತೋರಿಸಿದರು. ಹಿಡಿಕೆ ತಿರುಗಿಸಿದರೆ ಗೋಳ ತೊಗಲಿಗೆ ಉಜ್ಜಿಕೊಂಡು ಸುತ್ತುತ್ತಿತ್ತು. ಸಿಡಿಲಿನದೇ ಜಾತಿಯ ಕಿಡಿ ಅದರಲ್ಲಿ ಹುಟ್ಟುತ್ತದೆ ಎಂದರು.

"ಕೀಲಿಯಾನ್, ಬಾ ಇಲ್ಲಿ. ಗಂಟೆಯವನು ನೀನೇ ತಾನೆ? ಗೋಳಕ್ಕೆ ತಾಗಿಸಿರೋ ಈ ರೇಷ್ಮೆ ದಾರ ಹಿಡಿ. ಏನಾಯ್ತು?"

"ಏನೂ ಆಗ್ಲಿಲ್ಲ ಸ್ವಾಮಿ."

"ಈಗ ಇದನ್ನ ಹಿಡಿ." ಅದು ನೀರಲ್ಲಿ ಅದ್ದಿದ ಸೆಣಬಿನ ಹುರಿ. ಹಿಡಿದದ್ದೇ ತಡ, ಮೊಣಕೈವರೆಗೆ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗಾಗಿ ಕೀಲಿಯಾನ್ ಹಾರಿಬಿದ್ದ. ಕೋಣೆಯೆಲ್ಲ ನಗು. ಉರ್ಬಾನನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಒಬ್ಬೊಬ್ಬರಾಗಿ ತಾವೂ ಹಿಡಿದು ನೋಡಿದರು. ಕಿರುಚಿದರು, ಇನ್ನಷ್ಟು ನಕ್ಕರು.

"ಒದ್ದೆ ಹಗ್ಗ, ಅಷ್ಟೇ," ಎಂದರು ಪಾದ್ರಿ. "ಸಿಡಿಲು ಎತ್ತರದ ಗೋಪುರಕ್ಕೆ ಬಡಿಯುತ್ತೆ, ಒದ್ದೆ ಹಗ್ಗದಲ್ಲಿ ಇಳಿಯುತ್ತೆ. ಹಿಡಿದವನು ಸಂತನಾಗಲಿ ಕಳ್ಳನಾಗಲಿ, ಅದಕ್ಕೆ ಬೇಕಿಲ್ಲ."

ನಗದೆ ಇದ್ದವರು ಇಬ್ಬರೇ. ಒಬ್ಬ ಕೀಲಿಯಾನ್. ಇನ್ನೊಬ್ಬಳು ಬಾಗಿಲ ಬಳಿ ನಿಂತಿದ್ದ ಅವನ ಅತ್ತಿಗೆ ನೋಟ್‌ಬುರ್ಗಾ. ಹನ್ನೊಂದು ವರ್ಷದ ಹಿಂದೆ, ಅಣ್ಣತಮ್ಮಂದಿರಿಬ್ಬರೂ ಸರದಿಯಲ್ಲಿ ಗಂಟೆ ಬಾರಿಸುತ್ತಿದ್ದ ಕಾಲದಲ್ಲಿ, ಅವಳ ಗಂಡ ಆಂಬ್ರೋಸ್ ಅದೇ ಗೋಪುರದಲ್ಲಿ, ಅದೇ ಹಗ್ಗ ಹಿಡಿದು ಸಿಡಿಲಿಗೆ ಸತ್ತಿದ್ದ. ಆ ವರ್ಷ ಬೆಳೆಯೂ ಹೋಗಿತ್ತು. ಪಾಪ ಬಚ್ಚಿಟ್ಟುಕೊಂಡು ಹಗ್ಗ ಮುಟ್ಟಿದ ಎಂದು ಊರು ತೀರ್ಮಾನಿಸಿತು. ಅಪ್ಪ ಅಮ್ಮನ ಪಕ್ಕದಲ್ಲಿ ಜಾಗ ಕೊಡದೆ, ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸುಗಳನ್ನು ಹೂಳುವ, ಇಗರ್ಜಿಯಂಗಳದ ಬಡಗಣ ಗೋಡೆಯ ಬುಡದಲ್ಲಿ ಅವನನ್ನು ಮಣ್ಣು ಮಾಡಿದರು.

"ಗೋಪುರದ ಬೀಗ ಒಡೀತೀವಿ ನೋಡು," ಎಂದ ಉರ್ಬಾನ್ ಹೊರಗೆ. ಈಗ ಅವನ ಹಿಂದೆ ಹತ್ತಾರು ದನಿಗಳು.

ಆಗ ಕೊಟ್ಟಿಗೆಯ ಬಾಗಿಲಿಂದ ನೋಟ್‌ಬುರ್ಗಾ ಒಳಗೆ ಬಂದಳು. ಸೊಂಟಕ್ಕೆ ಕಟ್ಟಿದ ಅಡುಗೆವಸ್ತ್ರದ ಮೇಲೆ ಹಿಟ್ಟು ಮೆತ್ತಿತ್ತು. ಕೇಳದೆಯೇ ಎದುರಿನ ಬೆಂಚಿನ ಮೇಲೆ ಕುಳಿತಳು.

"ಬಾರಿಸ್ತೀಯಾ?"

"ಇಲ್ಲ ಅತ್ತಿಗೆ."

"ಹೆದರಿಕೆಯಾ?"

"ಹೆದರಿಕೆ ಇದ್ದೇ ಇದೆ. ಅದಕ್ಕಿಂತ ಸಾಕಾಗಿದೆ."

"ಬಾರಿಸಿದ್ರೆ ಮೋಡ ಹೋಗತ್ತಾ? ನನ್ನ ಮುಖ ನೋಡಿ ಹೇಳು. ಪಾದ್ರಿ ಮಾತು ಬೇಡ. ನಲವತ್ತು ವರ್ಷ ಎಳೆದೋನು ನೀನು."

ಕೀಲಿಯಾನ್ ಬಟ್ಟಲನ್ನು ಅತ್ತ ಸರಿಸಿದ. ಎಳೆದ ದಿನ ಮೋಡ ಹೋದದ್ದೂ ಉಂಟು, ಹೋಗದೆ ಸುರಿದದ್ದೂ ಉಂಟು. ಜ್ವರ ಬಂದು ಮಲಗಿ ಎಳೆಯದ ದಿನವೂ ಅಷ್ಟೇ. ಇದು ಅವನಿಗೆ ಗಾಜಿನ ಗೋಳ ಬರುವ ಎಷ್ಟೋ ವರ್ಷ ಮೊದಲೇ ಗೊತ್ತಿತ್ತು. ಗೊತ್ತಿದೆ ಎಂಬುದನ್ನು ಒಪ್ಪಿಕೊಂಡಿರಲಿಲ್ಲ.

"ಹೋಗಲ್ಲ," ಎಂದ.

"ಹಂಗಾದ್ರೆ ನನ್ ಗಂಡ ಯಾಕೆ ಸತ್ತ?" ಅವಳ ದನಿ ಏರಲಿಲ್ಲ. "ಊರಿನ ಮಾತು ನಂಬಿದ್ರೆ ಪಾಪಿಯಾಗಿ ಸತ್ತ. ಪಾದ್ರಿ ಮಾತು ನಂಬಿದ್ರೆ ಸುಮ್‌ಸುಮ್ನೆ ಸತ್ತ. ಹದಿನೈದು ದಿನದಿಂದ ಇವೆರಡನ್ನೂ ಬಗಲಲ್ಲಿ ಇಟ್ಕೊಂಡು ಓಡಾಡ್ತಿದೀನಿ. ಯಾವುದನ್ನ ಕೆಳಗಿಡ್ಲಿ ಹೇಳು."

ಬೆಟ್ಟದ ಹಿಂದೆ ಮೊದಲ ಗುಡುಗು ಉರುಳಿತು.

"ಅವತ್ತು ನನ್ನ ಸರದಿ ಇತ್ತು," ಎಂದ ಕೀಲಿಯಾನ್. ಮಾತು ಇಷ್ಟು ಸಲೀಸಾಗಿ ಹೊರಬಂದದ್ದು ಅವನಿಗೇ ಸೋಜಿಗ. "ಇಡೀ ದಿನ ಹುಲ್ಲು ಕೊಯ್ದು ಅಟ್ಟದ ಮೇಲೆ ಬಿದ್ಕೊಂಡಿದ್ದೆ. ಕಾಲು ನೋಯ್ತಿದೆ, ನೀನೇ ಹೋಗೋ ಅಣ್ಣಾ ಅಂದೆ. ಬೈಕೊಂಡೇ ಹೋದ. ಅವನು ಪಾಪನಿವೇದನೆ ಮಾಡಿದ್ದ ಅತ್ತಿಗೆ. ಹಿಂದಿನ ಗುರುವಾರ ಸಾಲಲ್ಲಿ ನನ್ನ ಮುಂದೆಯೇ ನಿಂತಿದ್ದ. ನಾನು ಕಣ್ಣಾರೆ ನೋಡಿದೀನಿ."

"ಮತ್ತೆ ಅವನು ಪಾಪಿ ಅಂತ ಊರೆಲ್ಲ ಅಂದಾಗ?"

"ಸುಮ್ಮನಿದ್ದೆ. ಅವನು ಶುದ್ಧ ಅಂದ್ರೆ, ಇನ್ನ್ಯಾರ ಪಾಪ ಅಂತ ಕೇಳ್ತಿದ್ರು. ಸರದಿ ಯಾರದ್ದು ಅಂತ ಕೇಳ್ತಿದ್ರು."

ನೋಟ್‌ಬುರ್ಗಾ ಬೆರಳ ಸಂದಿಯ ಒಣ ಹಿಟ್ಟನ್ನು ಉಗುರಿನಿಂದ ಕೆರೆದಳು.

"ಹನ್ನೊಂದು ವರ್ಷ ಆ ಮನುಷ್ಯನ್ನ ಬೈದಿದೀನಿ," ಎಂದಳು. "ಏನು ಬಚ್ಚಿಟ್ಟಿದ್ದ, ಯಾವ ಹೆಂಗಸು ಅಂತ ಪೂಜೆ ಹೊತ್ತಲ್ಲಿ ಒಬ್ಬೊಬ್ಬಳ ಮುಖಾನೂ ಹುಡುಕ್ತಿದ್ದೆ. ಆ ಮಿಲ್ಲಿನ ಬಾರ್ಬರಾ ಹತ್ರ ಆರು ವರ್ಷದಿಂದ ಮಾತಾಡಿಲ್ಲ. ಈ ವರ್ಷ ಅವಳ ಮಗು ಹುಟ್ಟುತ್ತಲೇ ಸತ್ತಾಗಲೂ ಹೋಗಲಿಲ್ಲ."

ಅವಳು ಕೆನ್ನೆಗೆ ಎರಡು ಬಾರಿಸಿದ್ದರೂ ಕೀಲಿಯಾನ್ ತೆಗೆದುಕೊಳ್ಳುತ್ತಿದ್ದ. ಅವಳು ಬಾರಿಸಲಿಲ್ಲ. ಎದ್ದು ಮೇಜಿನ ಮೇಲಿದ್ದ ಬೀಗದಕೈ ತೆಗೆದುಕೊಂಡು ಹೋಗಿ ಮುಂಬಾಗಿಲ ಅಗುಳಿ ಸರಿಸಿದಳು.

ಹೊರಗೆ ಇಪ್ಪತ್ತು ಮೂವತ್ತು ಜನ. ಉರ್ಬಾನನ ಕೈಯಲ್ಲಿ ಕೊಡಲಿ. ಅವರ ತಲೆಯ ಮೇಲೆ ಆಕಾಶ ಅರ್ಧ ಮುಚ್ಚಿತ್ತು, ಗಾಳಿ ನಿಂತುಹೋಗಿತ್ತು. ಪಕ್ಕದ ಊರಿನ ಗಂಟೆ ಕಣಿವೆಯ ಆಚೆಯಿಂದ ಕೇಳುತ್ತಿತ್ತು. ಆ ಊರಿನವರು ಆಜ್ಞೆಯನ್ನು ಗಾಳಿಗೆ ತೂರಿ ಶುರುಮಾಡಿಬಿಟ್ಟಿದ್ದರು.

"ಬೀಗ ಯಾಕೆ ಒಡೀತೀರಿ? ತಗೊಳ್ಳಿ ಬೀಗದಕೈ," ಎಂದು ನೋಟ್‌ಬುರ್ಗಾ ಅದನ್ನು ಮುಂದಕ್ಕೆ ಚಾಚಿದಳು. "ಹಗ್ಗ ಹಿಡಿಯೋರು ಯಾರು, ಬನ್ನಿ."

"ಅದು ಗಂಟೆಯವನ ಕೆಲಸ," ಎಂದ ಉರ್ಬಾನ್.

"ಅವನಿಗೆ ಕಾಲು ನೋವಂತೆ. ನೀನೇ ಹೋಗಪ್ಪ. ಶುದ್ಧವಾಗಿದ್ದೀಯಲ್ಲ?"

ದಪ್ಪ ಹನಿಯೊಂದು ಉರ್ಬಾನನ ಕೊಡಲಿಯ ಮೇಲೆ ಟಪ್ಪೆಂದಿತು. ಅವನು ಬೀಗದಕೈ ನೋಡಿದ, ಗೋಪುರ ನೋಡಿದ, ಆಮೇಲೆ ತನ್ನ ಬಲ ಅಂಗೈಯನ್ನು ಷರಾಯಿಗೆ ಒರೆಸಿಕೊಂಡ. ಶಾಲೆಯ ಕೋಣೆಯಲ್ಲಿ ಒದ್ದೆ ಹುರಿ ಹಿಡಿದದ್ದು ಅದೇ ಕೈ. ಹಿಂದಿನ ಸಾಲಿನಿಂದ ಯಾರೋ "ಹೋಗ್ರೋ ಯಾರಾದ್ರೂ" ಎಂದರು. ಹಾಗೆ ಅಂದವರೂ ಹೋಗಲಿಲ್ಲ. ಗಂಟೆಯನ್ನು ನಂಬಿಯೇ ಬಂದಿದ್ದರು. ಹಗ್ಗ ಹಿಡಿಯುವಷ್ಟು ನಂಬಿಕೆ ಒಬ್ಬರಲ್ಲೂ ಉಳಿದಿರಲಿಲ್ಲ. ಪಾಪ, ಅದು ಅವರಿಗೂ ಗೊತ್ತಾದದ್ದು ಆ ಗಳಿಗೆಯಲ್ಲೇ. ಮೊದಲ ಆಲಿಕಲ್ಲು ಹೆಂಚಿನ ಮೇಲೆ ಸಿಡಿಯಿತು. ಎಲ್ಲರೂ ಮನೆಗಳ ಕಡೆ ಓಡಿದರು.

ನೋಟ್‌ಬುರ್ಗಾ ಬೀಗದಕೈಯನ್ನು ಹೊಸ್ತಿಲ ಮೇಲೆ ಇಟ್ಟಳು. ಕೀಲಿಯಾನ್ ಕಡೆ ತಿರುಗದೆ, ತಲೆಗೆ ವಸ್ತ್ರ ಎಳೆದುಕೊಂಡು ಆಲಿಕಲ್ಲಿನಲ್ಲೇ ನಡೆದು ಹೋದಳು.

ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಲಿಂಡಾಖಿನ ಪೈರು ಮುಕ್ಕಾಲು ನೆಲಕಚ್ಚಿತು. ಗಂಟೆ ಬಾರಿಸಿದ ಪಕ್ಕದೂರಿನದೂ ಅಷ್ಟೇ. ನೋಡಿದಿರಾ, ಎಂದರು ಪಾದ್ರಿ. ನಾವೂ ಜೊತೆಗೆ ಬಾರಿಸಿದ್ದರೆ ಎರಡೂ ಊರು ಉಳಿಯುತ್ತಿತ್ತು, ಎಂದ ಉರ್ಬಾನ್. ಇಬ್ಬರಿಗೂ ತಮ್ಮ ತಮ್ಮ ಮಾತು ಗಟ್ಟಿಯಾಯಿತು. ಕೀಲಿಯಾನ್ ಯಾರ ಜೊತೆಗೂ ವಾದಕ್ಕೆ ಇಳಿಯಲಿಲ್ಲ. ಆ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು, ಸರದಿ ತನ್ನದಾಗಿತ್ತು, ಅಣ್ಣ ನಿರ್ದೋಷಿ ಎಂದು ಊರಿಗೆಲ್ಲ ಕೇಳುವಂತೆ ಹೇಳಿದ. ಕೆಲವರು ಉಗುಳಿದರು. ಹೆಚ್ಚಿನವರು ತಮ್ಮ ಹಾಳಾದ ಹೊಲದ ಯೋಚನೆಯಲ್ಲಿದ್ದರು.

ಕೊಯ್ಲು ಎಂಬ ಶಾಸ್ತ್ರ ಮುಗಿಯಿತು. ಆ ವರ್ಷ ಅವನ ಬಾಗಿಲಿಗೆ ಒಂದು ಸಿವುಡೂ ಬರಲಿಲ್ಲ. ಬರುತ್ತದೆ ಎಂದು ಅವನೂ ಕಾದಿರಲಿಲ್ಲ. ಆದರೂ ಬೆಳಗ್ಗೆ ಎದ್ದು ಬಾಗಿಲು ತೆರೆದಾಗ ಕಣ್ಣು ಮೊದಲು ಗೋಡೆಯ ಕಡೆಗೇ ಹೋಗುತ್ತಿತ್ತು. ನಲವತ್ತು ವರ್ಷದ ಚಾಳಿ.

ಸೆಪ್ಟೆಂಬರಿನ ಒಂದು ಮುಂಜಾನೆ ಹುಲ್ಲು ಸವರಲು ಕುಡುಗೋಲು ಹಿಡಿದು ಬಡಗಣ ಗೋಡೆಯ ಕಡೆ ಹೋದಾಗ ಆಂಬ್ರೋಸನ ಗೋರಿಯ ಮೇಲೆ ಒಂದು ಸಿವುಡು ಕಂಡಿತು. ಗಂಟೆಯವನಿಗೆ ಕೊಡುವಾಗ ಕಟ್ಟುವಂತೆಯೇ ಎರಡು ಕಡೆ ಹುಲ್ಲಿನ ಹುರಿ ಬಿಗಿದು ಕಟ್ಟಿತ್ತು. ಆಲಿಕಲ್ಲು ತಿಂದ ಪೈರು. ತೆನೆಗಳಲ್ಲಿ ಅರ್ಧಕ್ಕರ್ಧ ಜೊಳ್ಳು. ಸ್ವಲ್ಪ ದೂರದಲ್ಲಿ, ಬಾರ್ಬರಾಳ ಕೂಸಿನ ಪುಟ್ಟ ಹೊಸ ಗೋರಿಯ ಬಳಿ, ಇಬ್ಬರು ಹೆಂಗಸರು ಕುಳಿತ ಹಾಗೆ ಹುಲ್ಲು ಅಮುಕಿತ್ತು.

ಸಿವುಡು ಒಂದು ಕಡೆಗೆ ವಾಲಿತ್ತು. ಕೀಲಿಯಾನ್ ಕುಡುಗೋಲು ಕೆಳಗಿಟ್ಟು ಅದನ್ನೆತ್ತಿ, ಗಾಳಿಗೆ ಬೀಳದ ಹಾಗೆ ಗೋಡೆಗೆ ಒರಗಿಸಿ ನಿಲ್ಲಿಸಿದ.