ಹೊಳೆಯಡಿಯ ದೋಣಿ

ಕೋರ್ಟಿನ ಅಮೀನ ನೋಣಯ್ಯ ಅಂಗಳಕ್ಕೆ ಕಾಲಿಟ್ಟಾಗ ಜತ್ತಪ್ಪನ ಜೀವ ಬಾಯಿಗೆ ಬಂತು. ಹಂಚಿನ ವ್ಯಾಪಾರಿ ಚಿನ್ನಯ್ಯ ಸಾಲಕ್ಕೆ ದಾವೆ ಹಾಕಿದ್ದು ಗೊತ್ತಿತ್ತು. ಇಷ್ಟು ಬೇಗ ದೋಣಿಗೇ ಕೈ ಹಾಕುತ್ತಾನೆಂದು ಎಣಿಸಿರಲಿಲ್ಲ. ಬಂಟ್ವಾಳದಿಂದ ಮಂಗಳೂರಿಗೆ ಅಕ್ಕಿ ಒಯ್ದು ಹಂಚು ತರುವ ಆ ದೋಣಿಯಿಂದಲೇ ಮನೆಯ ಒಲೆ ಉರಿಯುತ್ತಿದ್ದದ್ದು.

ನೋಣಯ್ಯ ನೋಟೀಸು ಓದಿ ಬಿಡಿಸಿ ಹೇಳಿದ. "ನೀವು ದೋಣಿಯನ್ನು ಮಂಗಳೂರಿಗೆ ಒಯ್ದು ಮಾರ್ತೀರಿ ಅಂತ ಅವರ ಅರ್ಜಿ. ಜಪ್ತಿ ಯಾಕೆ ಮಾಡಬಾರದು ಅಂತ ಸೋಮವಾರ ಬಂದು ಹೇಳಿ, ಜತ್ತಪ್ಪಣ್ಣ. ನಿಮ್ಮ ಮಾತು ಕೇಳದೆ ಯಾರೂ ಮುಟ್ಟುವುದಿಲ್ಲ."

ಜತ್ತಪ್ಪನ ಕಿವಿಗೆ ಬಿದ್ದದ್ದು ಜಪ್ತಿ ಎಂಬ ಒಂದೇ ಮಾತು. ಉಳಿದದ್ದೆಲ್ಲ ಗಾಳಿಗೆ ಹೋಯಿತು.

ಬೇಸಗೆಯಲ್ಲಿ ದೋಣಿಗೆ ಕಲ್ಲು ಹೇರಿ, ದಡದ ಮರಕ್ಕೆ ಹಗ್ಗ ಕಟ್ಟಿ, ಹೊಳೆಯಲ್ಲಿ ಮುಳುಗಿಸಿಡುವುದು ಅಲ್ಲಿನವರ ರೂಢಿ. ಬಿಸಿಲಿಗೆ ಹಲಗೆ ಸೀಳಬಾರದಲ್ಲ! ಆದರೆ ಮಳೆಗಾಲ ಆಗಷ್ಟೇ ಮುಗಿದಿತ್ತು, ನೀರಿನ ಸೆಳೆತ ಇಳಿದಿರಲಿಲ್ಲ. ಆದರೂ ದೋಣಿಯನ್ನು ಮುಳುಗಿಸಿಯೇ ಅಡಗಿಸುವುದೆಂದು ಜತ್ತಪ್ಪ ನಿಶ್ಚಯಿಸಿದ.

"ಈ ನೀರಿಗೆ ಯಾರಾದ್ರೂ ಮುಳುಗಿಸ್ತಾರಾ? ಕೋರ್ಟಿನಲ್ಲಿ ಏನು ಹೇಳ್ತೀರಿ?" ಎಂದು ಹೆಂಡತಿ ವಾರಿಜಾಕ್ಷಿ ಅಡ್ಡ ನಿಂತಳು.

"ಕಣ್ಣಿಗೆ ಬಿದ್ರೆ ಅಲ್ವಾ ಅವರು ಕೊಂಡುಹೋಗುವುದು?"

ಮಾರನೆಯ ಮುಂಜಾನೆ ಹೊಳೆಯ ತಿರುವಿನಲ್ಲಿ ದೋಣಿ ಕಲ್ಲಿನ ಭಾರಕ್ಕೆ ನೀರಿನಡಿ ಹೋಯಿತು. ಹಗ್ಗ ಕಂಡರೆ ಗುರುತು ಸಿಗುತ್ತದೆಂದು ಈ ಮಹಾರಾಯ ಹಗ್ಗವನ್ನೂ ಕಟ್ಟಲಿಲ್ಲ.

ಸೋಮವಾರ ಜತ್ತಪ್ಪ ಕೋರ್ಟಿನಲ್ಲಿ ಮುನ್ಸೀಫರ ಎದುರು ನಿಂತ. ಚಿನ್ನಯ್ಯನ ವಕೀಲರು, "ದೋಣಿ ಕಟ್ಟುವ ಕಡವಿನಲ್ಲಿ ದೋಣಿಯೇ ಇಲ್ಲ, ಸ್ವಾಮಿ" ಎಂದರು.

"ಮಾರಿದಿರಾ?" ಮುನ್ಸೀಫರು ಮೆಲ್ಲಗೆ ಕೇಳಿದರು. ಗದರಿದ್ದರೆ ಏನಾದರೂ ಸುಳ್ಳು ಹೇಳುತ್ತಿದ್ದನೋ ಏನೋ.

"ಇಲ್ಲ ಸ್ವಾಮಿ. ಹೆದರಿ ಮುಳುಗಿಸಿದ್ದೇನೆ. ಹೊಳೆಯಲ್ಲೇ ಉಂಟು."

ಹಿಂದೆ ಕೆಲವರು ನಕ್ಕರು. ಮುನ್ಸೀಫರು ನಗಲಿಲ್ಲ. "ನಾಳೆ ಅಮೀನರಿಗೆ ತೋರಿಸಿ. ಇದ್ದರೆ ದಾವೆ ಮುಗಿಯುವವರೆಗೆ ದೋಣಿ ನಿಮ್ಮ ಬಳಿಯೇ ಇರಲಿ. ಇಲ್ಲದಿದ್ದರೆ ಮಾರಿದಿರಿ ಅಂತಲೇ ಆಗ್ತದೆ. ಮನೆಯನ್ನು ಜಪ್ತಿ ಮಾಡಬೇಕಾದೀತು."

ಇಷ್ಟು ಸುಲಭದಲ್ಲಿ ಮುಗಿಯುವುದಕ್ಕೆ ತಾನು ಎಷ್ಟು ಹೆದರಿದೆ ಎಂದು ಜತ್ತಪ್ಪನಿಗೆ ನಾಚಿಕೆಯಾಯಿತು. ಮನೆಗೆ ಬಂದವನು ಹೊಟ್ಟೆ ತುಂಬ ಉಂಡ.

ಮರುದಿನ ಅಮೀನ ದಡದಲ್ಲಿ ನಿಂತ, ಜತ್ತಪ್ಪ ನೀರಿಗಿಳಿದ. ಮುಳುಗಿ ತಡಕಾಡಿದ. ಕೈಗೆ ಕಲ್ಲು ಸಿಕ್ಕಿತು. ಮತ್ತೂ ಕಲ್ಲೇ. ಹಲಗೆ ಎಲ್ಲೂ ಇರಲಿಲ್ಲ. ಅವನು ನೀರಿನಿಂದ ತಲೆ ಎತ್ತಿದ.

"ಸೆಳೆತಕ್ಕೆ ಮಗುಚಿ ತೇಲಿ ಹೋಗಿದೆ, ಅಮೀನರೇ! ನಾನು ಹೇರಿದ ಕಲ್ಲು ಇಲ್ಲೇ ಉಂಟು."

"ಹೊಳೆಯಲ್ಲಿ ಕಲ್ಲು ಎಲ್ಲಿಲ್ಲ ಮಾರಾಯ್ರೆ?" ನೋಣಯ್ಯನ ದನಿ ಇಳಿದಿತ್ತು. "ಅದನ್ನು ಬರೆದರೆ ಯಾರು ನಂಬ್ತಾರೆ?"

ವಾರಿಜಾಕ್ಷಿ ದಡದಲ್ಲಿ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು. ಜತ್ತಪ್ಪ ಅವಳ ಮುಖ ನೋಡಲಾರದೆ ಉಸಿರು ಕಟ್ಟಿ ಮತ್ತೆ ಮುಳುಗಿದ. ಮೇಲೆ ಬರಲು ಅವನಿಗೆ ಹೆದರಿಕೆಯಾಗುತ್ತಿತ್ತು.