ದೋಣಿಯವ್ವನ ಅಗುಳಿ

ಬೂಟು ಮೊದಲು ಒಳಗೆ ಬಂತು, ಆಮೇಲೆ ಮನುಷ್ಯ — ಪರದೆಯ ಮೇಲೆ ಹೊಸ್ತಿಲು ದಾಟುತ್ತಿರುವ ಆ ಕೆಸರು ಬೂಟು ಹೇಮಾಕ್ಷಿಯ ಎದೆಮಟ್ಟಕ್ಕಿದೆ, ವಿಜಯವಾಡದ ಸಭಾಂಗಣದ ಗೋಡೆಯ ತುಂಬ ಬೂಟೇ, ಅದನ್ನು ನಡೆಸುತ್ತಿರುವ ಶ್ರೀವತ್ಸ ವೇದಿಕೆಯ ಕೆಂಪು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ, ಕೈಯಲ್ಲಿ ವಿಡಿಯೋ ಗೇಮಿನ ಕಂಟ್ರೋಲರ್, ಹೆಬ್ಬೆರಳು ಮಾತ್ರ ಅಲ್ಲಾಡುತ್ತಿದೆ, ಎಷ್ಟು ಸಲೀಸು ನೋಡು, ಯಾರ ಮನೆ, ಯಾರನ್ನು ಕೇಳಬೇಕು, ಏನೂ ಇಲ್ಲ, ಆಟದ ನಾಯಕ ಅಂದಮೇಲೆ ಊರೆಲ್ಲ ಅವನದೇ, ಬಾಗಿಲು ತಳ್ಳಿದ, ಒಳಗೆ ಬಂದ, ಮೂಲೆಯಲ್ಲಿ ಸಾಲಾಗಿಟ್ಟ ಗಡಿಗೆಗಳತ್ತ ತಿರುಗಿದ. ಒಡಿ, ಅಂದುಕೊಂಡಳು ಹೇಮಾಕ್ಷಿ, ಮೂರನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡು, ಒಡಿ ಮಗನೆ, ಗಡಿಗೆ ಕಂಡರೆ ಸುಮ್ಮನಿರುವ ಬೆರಳಲ್ಲ ನಿನ್ನದು — ಫಳ್! ಎಣ್ಣೆ ನೆಲದ ಮೇಲೆ ಹರಿಯಿತು, ಹತ್ತಿ ಬಿಡಿಸುತ್ತ ಕೂತ ಆ ಮನೆಯ ದೋಣಿಯವ್ವ ತಲೆಯೆತ್ತಿ ರಾ ನಾಯನಾ, ನೀ ಇಲ್ಲು ಅನುಕೋ ಎಂದಳು, ಬಾಪ್ಪ, ನಿಂದೇ ಮನೆ ಅಂದ್ಕೋ, ಇನ್ನೊಂದು ಗಡಿಗೆ, ಫಳ್, ರಾ ನಾಯನಾ, ಮತ್ತೊಂದು, ಫಳ್, ರಾ ನಾಯನಾ, ಸಭೆಯಲ್ಲಿ ನಗು, ಹಿಂದಿನ ಸಾಲಿನಲ್ಲಿ ಕಾಲೇಜು ಹುಡುಗರು ಪುನುಗುಲು ಬೋಂಡ ತಿನ್ನುತ್ತಿದ್ದಾರೆ, ಬಿಸಿ ಎಣ್ಣೆಯ, ಶುಂಠಿ ಚಟ್ನಿಯ ವಾಸನೆ ಇಲ್ಲಿಯವರೆಗೂ ಬರುತ್ತಿದೆ, ಮೊದಲ ಸಾಲಿನಲ್ಲಿ ಹೈದರಾಬಾದಿನಿಂದ ಬಂದ ಪ್ರಕಾಶಕರು, ಇವತ್ತು ಅವರು ಹೂಂ ಅಂದರೆ ಆಟ ಲೋಕಕ್ಕೆಲ್ಲ ಹೋಗುತ್ತದೆ, ಶ್ರೀವತ್ಸನ ಹೆಸರು ಹೊತ್ತು ಹೋಗುತ್ತದೆ. ಒಂದೇ ಸಾಲು. ಏನು ಒಡೆದರೂ ಏನು ಒಯ್ದರೂ ಒಂದೇ ಸಾಲು ಹೇಳುವ ಹೆಂಗಸು. ಅಮ್ಮನಿಗೂ ಒಂದೇ ಸಾಲಿತ್ತು, ಬನ್ನಿ ಭಾವ, ಕೂತ್ಕಳ್ರಿ, ಕಾಫಿ ಇಡ್ತೀನಿ — ಹಿರಿಯೂರಿನ ಆ ಬಾಡಿಗೆ ಮನೆ, ದೊಡ್ಡಪ್ಪ ಚಪ್ಪಲಿ ಬಿಡದೆ ನೇರ ಅಡಿಗೆಮನೆಗೆ ಬಂದು ಡಬ್ಬಿಗಳ ಮುಚ್ಚಳ ತೆಗೆದು ತೆಗೆದು ನೋಡುವನು, ಕಮಲಾ ಏನಿಟ್ಟಿದೀಯ ಇವತ್ತು, ಕೊಬ್ಬರಿ ಹೋಯಿತು, ತುಪ್ಪದ ಚೊಂಬು ಹೋಯಿತು, ತವರಿನಿಂದ ತಂದ ಹಿತ್ತಾಳೆಯ ದೀಪ ಕೂಡ ಅವನ ಚೀಲಕ್ಕೆ ಹೋಯಿತು, ಬನ್ನಿ ಭಾವ, ಕೂತ್ಕಳ್ರಿ. ಒಂದು ಮಧ್ಯಾಹ್ನ ಬಿಟ್ಟು. ಆ ಮಧ್ಯಾಹ್ನ ಸೈಕಲ್ಲಿನ ಬೆಲ್ಲು ಕೇಳಿದ್ದೇ ತಡ ಅಮ್ಮ ಎದ್ದು ಹೋಗಿ ಬಾಗಿಲಿಗೆ ಅಗುಳಿ ಹಾಕಿದಳು, ಅಡ್ಡ ಮರದ ದಪ್ಪ ಅಗುಳಿ, ಬಲಗೈ ಅದರ ಮೇಲೆ ಒತ್ತಿ ನಿಂತಳು, ಎಡಗೈಯಿಂದ ಬಲಗೈಯ ಬಳೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಸದ್ದಾಗಬಾರದು, ಹೊರಗೆ ಕಮಲಾ ಕಮಲಾ, ಒಳಗೆ ಆ ಎರಡು ಕೈ, ಹೇಮಾಕ್ಷಿ ನೆಲದ ಮೇಲೆ ಕೂತು ಕೆಳಗಿನಿಂದ ನೋಡುತ್ತಿದ್ದಾಳೆ, ಉಗುರಿನ ಸುತ್ತ ಅರಿಸಿನ, ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಕಲೆ. ಸಂಜೆ ಅಪ್ಪ ಬಂದು, ನಮ್ಮಣ್ಣ ಬಂದ್ರೆ ಬಾಗ್ಲು ಹಾಕ್ತೀಯೇನೇ, ಊರಾಗೆ ನಾನು ಮುಖ ಎತ್ತಿ ತಿರುಗೋದು ಬ್ಯಾಡ್ವಾ ಅಂದು ಅಗುಳಿಯನ್ನೇ ಕಿತ್ತು ಅಟ್ಟದ ಮೇಲೆ ಎಸೆದ, ಮಾರನೆಯ ದಿನದಿಂದ ಮತ್ತೆ ಬನ್ನಿ ಭಾವ.

ಆ ಕೈಗಳಿಗಾಗಿಯೇ ಅಲ್ಲವೆ ಅವಳು ಕಂಪನಿಗೆ ಈ ಆಟದ ಕಥೆ ಬರೆದದ್ದು. ಗಂಡನನ್ನು ಬ್ಯಾಂಕಿನವರು ವಿಶಾಖಪಟ್ಟಣದಿಂದ ಬಳ್ಳಾರಿಗೆ ವರ್ಗ ಮಾಡಿದಾಗ, ನೀವು ಹೋಗಿರಿ, ಇದೊಂದು ಮುಗೀಲಿ ಅಂದು ಅಲ್ಲೇ ಮಧುರವಾಡದ ಬಾಡಿಗೆ ಫ್ಲ್ಯಾಟಿನಲ್ಲಿ ಒಬ್ಬಳೇ ಉಳಿದಳು, ಆಡುವವನು ಪಾತ್ರವೊಂದರ ಮೈಹೊಕ್ಕು ಊರೂರು ಸುತ್ತುವ ಆಟ, ಇಂಥ ಆಟಗಳೆಲ್ಲದರಲ್ಲೂ ಕಂಡವರ ಮನೆಗೆ ನುಗ್ಗಿ ಗಡಿಗೆ ಒಡೆದು ಸಿಕ್ಕಿದ್ದನ್ನು ಜೇಬಿಗೆ ಇಳಿಸುವುದು ವಾಡಿಕೆ, ಯಾರೂ ಏನೂ ಅನ್ನುವುದಿಲ್ಲ, ಹೇಮಾಕ್ಷಿಯ ಆಟದಲ್ಲಿ ಮಾತ್ರ ಒಬ್ಬಳು ನೆನಪಿಟ್ಟುಕೊಳ್ಳುತ್ತಾಳೆ. ಅಷ್ಟೇ. ಕೊನೆಗೆ ಹೊಳೆ ಉಕ್ಕಿ ಬಂದಾಗ, ಹಿಂದೆ ಪಂಜು ಹಿಡಿದ ಶತ್ರುಗಳು ಅಟ್ಟಿಸಿಕೊಂಡು ಬಂದಾಗ ನಾಯಕ ದೋಣಿಯವ್ವನ ಬಾಗಿಲಿಗೇ ಬರಬೇಕು, ದೋಣಿ ಇರುವುದು ಅವಳೊಬ್ಬಳ ಹತ್ತಿರ, ಅವಳು ಬಾಗಿಲು ತೆಗೆಯುವುದಿಲ್ಲ, ನನ್ನ ಗಡಿಗೆ ಎಲ್ಲಿ ಎಂದು ಕೇಳುತ್ತಾಳೆ, ಕುಂಬಾರರ ಹಳ್ಳಿಗೆ ಹೋಗಿ ಮಡಕೆ ಬೇಯುವ ಆವಿಗೆಯ ಮುಂದೆ ಕಾದು ಗಡಿಗೆ ತಂದು ಹೊಸ್ತಿಲ ಹೊರಗೆ ಇಟ್ಟರೆ ಅಗುಳಿ ಸರಿಯುತ್ತದೆ. ಲಕ್ಷ್ಮೀಪ್ರಸನ್ನ ಆ ಕೈಗಳನ್ನು ಅಲ್ಲಾಡಿಸಲು ಎಷ್ಟು ಒದ್ದಾಡಿದಳು ಪಾಪ, ಚಿತ್ರಗಳಿಗೆ ಜೀವ ತುಂಬುವ ಹುಡುಗಿ, ಮೇಡಂ ಇಂಕೋಸಾರಿ ಚೂಪಿಂಚಂಡಿ, ಇನ್ನೊಂದ್ಸಲ ತೋರ್ಸಿ, ಹೇಮಾಕ್ಷಿ ಆಫೀಸಿನ ಬಾಗಿಲಿಗೆ ಕೈ ಒತ್ತಿ ಬಳೆ ಹಿಡಿದು ನಿಂತು ತೋರಿಸಿದಳು, ತೋರಿಸುತ್ತ ತೋರಿಸುತ್ತ ಕಣ್ಣು ತುಂಬಿ ಬಂತು, ಆ ಹುಡುಗಿ ಏನೂ ಕೇಳದೆ ನೀರು ತಂದುಕೊಟ್ಟಳು. ಆಗ ಶ್ರೀವತ್ಸ ಮೈಸೂರಿನಿಂದ ಹೊಸದಾಗಿ ಬಂದಿದ್ದ, ಅಕ್ಕಾ ನೀವು ಕನ್ನಡದೋರಾ, ಅಬ್ಬ ಬದುಕ್ಕೊಂಡೆ, ಭಾನುವಾರ ಬಂದು ಮುದ್ದೆ ಬಸ್ಸಾರು ಉಂಡ, ಅವಳ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕಥೆಗೆ ಕಥೆ ಹೆಣೆಯುವುದು ಕಲಿತ, ಅಕ್ಕಾ ಒಂದ್ನಿಮಿಷ ಎನ್ನುತ್ತ ಅವಳ ಕಂಪ್ಯೂಟರಿನ ಕಡತಗಳನ್ನು ಒಂದೊಂದಾಗಿ ತೆರೆದು ನೋಡಿದ, ಮುಚ್ಚಳ ತೆಗೆದು ತೆಗೆದು ನೋಡಿದ, ಅವಳೇನಂದಳು, ಬಾಪ್ಪ, ಕೂತ್ಕೋ, ಕಾಫಿ ಕುಡಿತೀಯಾ. ನಿನಗೂ ಒಂದೇ ಸಾಲಿತ್ತಲ್ಲೇ ಹೇಮಾ. ಅವಳಿಗಿಂತ ಮೇಲಿನ ಹುದ್ದೆಗೆ ಏರಿದ ಮೇಲೆ ಶ್ರೀವತ್ಸ ಇದೇ ವಿಜಯವಾಡದ ಹುಡುಗರಿಗೆ ಆಡಲು ಕೊಟ್ಟು ಅಭಿಪ್ರಾಯ ತರಿಸಿದ, ಹೀರೋಗೇ ಬಾಗಿಲು ಹಾಕೋದಾ, ಗಡಿಗೆ ಇರೋದೇ ಒಡೆಯೋಕೆ, ಮುದುಕಿ ಬೋರು, ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿದ, ನೋಡಿ ಅಕ್ಕ, ಜನ ಚಿಕ್ಕಂದಿನಿಂದ ಎಲ್ಲ ಆಟದಲ್ಲೂ ಒಡ್ಕೊಂಡೇ ಬಂದಿದಾರೆ, ನಾವು ಮಾತ್ರ ತಪ್ಪು ಅಂದ್ರೆ ಎದ್ದು ಹೋಗ್ತಾರೆ, ಜನಕ್ಕೆ ಹೊಡೆದಾಟ ಬೇಕು, ಮಡಕೆ ಬೇಯೋದನ್ನ ಯಾರು ಕಾಯ್ತಾರೆ, ಬೇಜಾರು ಮಾಡ್ಕೋಬೇಡಿ, ನೀವು ಸೀರಿಯಲ್ ಬರೀಬೇಕಿತ್ತಕ್ಕ — ಮೀಟಿಂಗಿನಲ್ಲಿ ಎಲ್ಲರೂ ನಕ್ಕರು, ಹೇಮಾಕ್ಷಿಯೂ ನಕ್ಕಳು, ಆ ನಗು ಇವತ್ತಿಗೂ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಂತಿದೆ. ಕುಂಬಾರರ ಹಳ್ಳಿಯನ್ನೇ ಅಳಿಸಿದ. ದೋಣಿಯವ್ವನ ನೆನಪನ್ನು ದೀಪದಂತೆ ಆರಿಸಿದ. ಮುಖದ ಸುಕ್ಕು ತೆಗೆಸಿ ತುಟಿಗೆ ಬಣ್ಣ ಹಚ್ಚಿಸಿದ, ತಲೆಯ ಮೇಲೆ ಚಿನ್ನದ ಬಾಣ ನೇತುಹಾಕಿದ, ಆಡುವವರಿಗೆ ದಾರಿ ತಪ್ಪಬಾರದಲ್ಲ. ಕೈಗಳ ಗೋಜಿಗೆ ಯಾರೂ ಹೋಗಲಿಲ್ಲ. ಇಪ್ಪತ್ತೈದರ ಮುಖಕ್ಕೆ ಅಮ್ಮನ ಕೈ, ಸುಟ್ಟ ಕಲೆಯ ಸಮೇತ, ಇಷ್ಟು ದೊಡ್ಡ ಪರದೆಯ ಮೇಲೆ ಹತ್ತಿ ಬಿಡಿಸುತ್ತಿದೆ, ಇಷ್ಟು ಜನರಲ್ಲಿ ಒಬ್ಬನಿಗಾದರೂ ಕಾಣುತ್ತಿದೆಯೆ?

ಬೆನ್ಜ್ ಸರ್ಕಲ್ಲಿನಿಂದ ಆಟೋದಲ್ಲಿ ಬಂದಿಳಿದಾಗ ಬಾಗಿಲಲ್ಲೇ ಬ್ಯಾನರು, ಕಥೆ ಮತ್ತು ವಿನ್ಯಾಸ ಶ್ರೀವತ್ಸ, ಕೆಳಗೆ ಇರುವೆಯಂಥ ಅಕ್ಷರಗಳಲ್ಲಿ ವಿಶೇಷ ಕೃತಜ್ಞತೆ, ಅದರಲ್ಲಿ ಪುನುಗುಲು ಮಾಡಿಕೊಟ್ಟವರ ಹೆಸರೂ ಇದೆ, ಅವರ ಕೆಳಗೆ ಹೇಮಾಕ್ಷಿ. ನೋಡಿ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ, ಬ್ಯಾನರಿನ ಪಡಿಯಚ್ಚನ್ನು ನಿನ್ನೆ ರೈಲಿನಲ್ಲೇ ಅವನ ಫೋನಿನಲ್ಲಿ ನೋಡಿಯಾಗಿತ್ತು, ಚೆನ್ನಾಗಿದೆಯಾ ಅಕ್ಕಾ ಎಂದು ತಾನೇ ತೋರಿಸಿದ್ದ, ಅವನಿಗೆ ನಾಚಿಕೆ ಎನ್ನುವುದು ಇಲ್ಲವೆಂದಲ್ಲ, ಅವಳೆದುರು ನಾಚಬೇಕೆಂದು ತೋಚಿರಲಿಲ್ಲ, ಗಡಿಗೆಯ ಎದುರು ಯಾರು ನಾಚುತ್ತಾರೆ. ಆ ರೈಲಿನಲ್ಲಿ ಪ್ರದರ್ಶನದ ಲ್ಯಾಪ್‌ಟಾಪು ಅವಳ ತೊಡೆಯ ಮೇಲಿತ್ತು, ಭಾರದ್ದೆಲ್ಲ ಅಕ್ಕನ ಹತ್ತಿರ ಇರ್ಲಿ, ಅವ್ರು ಜೋಪಾನ, ಅಂದಿದ್ದ ಶ್ರೀವತ್ಸ. ರಾಜಮಂಡ್ರಿ ದಾಟಿತು, ಸೇತುವೆ ಧಡಧಡ ಎಂದಿತು, ಬೋಗಿಯವರೆಲ್ಲ ಗೋದಾವರಿ ನೋಡಲು ಬಾಗಿಲ ಹತ್ತಿರ ಹೋದರು, ಅವನೂ ಹೋದ, ಅಕ್ಕಾ ಬನ್ನಿ ಎಂಥಾ ನೀರು, ನೀನು ನೋಡಪ್ಪಾ ಅಂದಳು ಅವಳು. ಲ್ಯಾಪ್‌ಟಾಪು ತೆರೆದಳು, ದೋಣಿಯವ್ವನನ್ನು ಹುಡುಕಿದಳು, ನೆನಪು ಎಂಬ ಮಾತಿನ ಮುಂದೆ ಖಾಲಿ ಚೌಕ, ಆರಿಸಿದ್ದನೇ ಹೊರತು ಅಳಿಸಿರಲಿಲ್ಲ, ಅಳಿಸಲು ಪುರುಸೊತ್ತಿರಲಿಲ್ಲ, ಚೌಕದೊಳಗೆ ಒಂದು ಗುರುತು ಹಾಕಿದಳು, ನೆನಪು ಮತ್ತೆ ಹೊತ್ತಿಕೊಂಡಿತು, ಮುಚ್ಚಿದಳು, ಕೆಳಗೆ ಕೆಂಪು ನೀರು ಇನ್ನೂ ಮುಗಿದಿರಲಿಲ್ಲ. ನಾಳೆಯಿಂದ ಕೆಲಸವಿರುವುದಿಲ್ಲ, ಬಳ್ಳಾರಿಯಲ್ಲಿ ಗಂಡ, ಹೋಗಿ ಹೋಗಿ ಈ ವಯಸ್ಸಲ್ಲಿ ಇದೆಂಥಾದ್ದೇ ಎನ್ನುತ್ತಾನೆ, ಅನ್ನಲಿ, ಹಸಿವಾಯಿತು ಅವಳಿಗೆ, ಎಷ್ಟೋ ತಿಂಗಳ ಮೇಲೆ ಚೆನ್ನಾಗಿ ಹಸಿವಾಯಿತು, ಏಲೂರಿನಲ್ಲಿ ಮಾರಲು ಬಂದವನ ಹತ್ತಿರ ವಡೆ ಕೊಂಡು ತಿಂದಳು, ಶ್ರೀವತ್ಸನಿಗೂ ಒಂದು ಕೊಟ್ಟಳು. ತಿನ್ನು. ಚೆನ್ನಾಗಿ ತಿನ್ನು.

ಹೊಳೆ ಬಂತು. ಪರದೆಯ ಮೇಲೆ ಹೊಳೆ ಉಕ್ಕುತ್ತಿದೆ, ಹಿಂದೆ ಪಂಜುಗಳು, ಶ್ರೀವತ್ಸ ಮೈಕಿನಲ್ಲಿ ತೆಲುಗಿನಲ್ಲಿ ಹೇಳುತ್ತಿದ್ದಾನೆ, ಈಗ ನೋಡಿ, ದೋಣಿ ಹತ್ತಿ ಪಾರಾಗ್ತೀವಿ, ಎಂಥಾ ದೃಶ್ಯ ಅಂತೀರಿ, ನಾಯಕ ಓಡಿದ, ಬಾಗಿಲು ತಳ್ಳಿದ — ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ ತಳ್ಳಿದ. ಚಿನ್ನದ ಬಾಣ ಆರಿಹೋಯಿತು, ನೋಟ ಗೋಡೆ ದಾಟಿ ಒಳಗೆ ಸರಿಯಿತು, ಹೇಮಾಕ್ಷಿ ಬರೆದಿದ್ದ ಹಾಗೆಯೇ, ಕತ್ತಲು, ಮರದ ಅಗುಳಿ, ಅದರ ಮೇಲೆ ಒತ್ತಿದ ಕೈ, ಇನ್ನೊಂದು ಕೈ ಬಳೆಗಳನ್ನು ಹಿಡಿದಿದೆ, ಒಳಗಿನಿಂದ ಮೆಲ್ಲಗೆ ಒಂದು ಧ್ವನಿ, ನಾ ಕುಂಡ ಏದಿ? ನನ್ನ ಗಡಿಗೆ ಎಲ್ಲಿ? ಪುನುಗುಲು ತಿನ್ನುವ ಸದ್ದು ನಿಂತಿತು, ಆಮೇಲೆ ಹಿಂದಿನಿಂದ ಯಾವಳೋ ಹುಡುಗಿ ಕೂಗಿದಳು, ಕುಂಡ ಇಚ್ಚೆಯ್ ಅನ್ನಾ! ಗಡಿಗೆ ಕೊಟ್ಬಿಡಣ್ಣಾ! — ಸಭೆಗೆ ಸಭೆಯೇ ಹೋ ಎಂದು ಎದ್ದಿತು, ಸೀಟಿ, ಚಪ್ಪಾಳೆ, ಪ್ರಕಾಶಕರು ಒಬ್ಬರ ಕಡೆಗೊಬ್ಬರು ಬಾಗಿ ಮಾತಾಡುತ್ತಿದ್ದಾರೆ, ನಗುತ್ತಿದ್ದಾರೆ, ಚೆನ್ನಾಗಿದೆ ಎಂಬಂತೆ ತಲೆಯಾಡಿಸುತ್ತಿದ್ದಾರೆ. ಮೆಚ್ಚಿದರು! ಇದನ್ನು ಅವಳು ಎಣಿಸಿರಲಿಲ್ಲ. ಜನ ಗೇಲಿ ಮಾಡುತ್ತಾರೆ, ಶ್ರೀವತ್ಸನ ಮುಖ ಬಾಡುತ್ತದೆ, ಅಷ್ಟೇ ಎಣಿಸಿದ್ದಳು, ಜನಕ್ಕೆ ಬೇಡ ಬೇಡ ಎಂದು ಅವಳ ಬಾಯಿ ಮುಚ್ಚಿಸಿದ್ದನಲ್ಲ, ಆ ಜನವೇ ಇದು, ಕುಂಡ ಇಚ್ಚೆಯ್ ಎಂದು ಕುಣಿಯುತ್ತಿದೆ, ಎದೆ ಒಂದು ಕ್ಷಣ ಉಬ್ಬಿತು, ಆ ಕ್ಷಣದಲ್ಲೇ ಶ್ರೀವತ್ಸ ಮೈಕು ಎತ್ತಿಕೊಂಡ. ಹೇಗಿದೆ ನಮ್ಮ ಸರ್‌ಪ್ರೈಸು? ಎಲ್ಲ ಆಟದಲ್ಲೂ ಒಡೀತೀರಿ, ಯಾರಾದ್ರೂ ಕೇಳಿದಾರಾ? ಈ ಐಡಿಯಾ ನನಗೆ ಬಂದಿದ್ದೇ ನಮ್ಮಜ್ಜಿಯಿಂದ — ಅಜ್ಜಿ! ತೆಗೆದ, ಈ ಡಬ್ಬಿಯ ಮುಚ್ಚಳವನ್ನೂ ತೆಗೆದ, ಕಣ್ಣೆದುರೇ ಕೈ ಹಾಕಿದ, ಅಮ್ಮನ ಅದೊಂದು ಮಧ್ಯಾಹ್ನವನ್ನೂ ಚೀಲಕ್ಕೆ ಹಾಕಿಕೊಂಡ, ಬನ್ನಿ ಭಾವ, ಕೂತ್ಕಳ್ರಿ, ಅವಳ ನಾಲಗೆಯ ಮೇಲೆ ಆ ಸಾಲು ಬಂದು ಕೂತಿತು, ಕಹಿ. ಹೇಗೆ ತೆಗೆಯೋದು ಅಂತ ತೋರಿಸಿ ಎಂದರು ಮೊದಲ ಸಾಲಿನಿಂದ. ತೋರಿಸ್ತೀನಿ ಸಾರ್ ಎಂದ. ಗುಂಡಿ ಒತ್ತಿದ. ನಾ ಕುಂಡ ಏದಿ? ಒತ್ತಿದ. ನಾ ಕುಂಡ ಏದಿ? ಪಂಜುಗಳು ಬಂದವು, ನಾಯಕ ಸತ್ತ, ಮತ್ತೆ ಎದ್ದ, ಅದೇ ಬಾಗಿಲ ಮುಂದೆ, ಗಡಿಗೆ ಕೊಳ್ಳೋಣವೆಂದರೆ ಕುಂಬಾರರ ಹಳ್ಳಿಯಿಲ್ಲ, ಇದ್ದ ಜಾಗದಲ್ಲಿ ಬರೀ ಹುಲ್ಲು, ಅಳಿಸಿದವನು ನೀನೇ ಕಣೋ, ಮಡಕೆ ಬೇಯೋದನ್ನ ಯಾರು ಕಾಯ್ತಾರೆ ಅಂದವನು ನೀನೇ, ಈಗ ಕಾಯಿ. ನಗು ಕಡಿಮೆಯಾಗುತ್ತಿದೆ, ಪ್ರಕಾಶಕರಲ್ಲೊಬ್ಬ ಗಡಿಯಾರ ನೋಡಿಕೊಂಡ, ಶ್ರೀವತ್ಸನ ಹಣೆಯ ಬೆವರು ಇಲ್ಲಿಗೇ ಕಾಣುತ್ತಿದೆ, ಕತ್ತಲಲ್ಲಿ ಸಾಲು ಸಾಲು ಹುಡುಕಿದ ಅವನ ಕಣ್ಣು ಅವಳನ್ನು ಮುಟ್ಟಿತು, ಮೈಕನ್ನು ಬಾಯಿಂದ ದೂರ ಹಿಡಿದು, ಯಾರಿಗೂ ತಿಳಿಯದಿರಲಿ ಎಂದು ಕನ್ನಡದಲ್ಲಿ, ತಮ್ಮನ ದನಿಯಲ್ಲಿ ಕೇಳಿದ, ಅಕ್ಕಾ, ಹೆಂಗಕ್ಕಾ ತೆಗೆಯೋದು ಇದು, ಪ್ಲೀಸ್ ಅಕ್ಕಾ. ಹೇಮಾಕ್ಷಿ ಎದ್ದು ನಿಂತಳು. ಕೈಚೀಲ ಕೆಳಗೆ ಬಿತ್ತು, ಬೀಳಲಿ. ಸಭೆಗೆಲ್ಲ ಕೇಳಿಸುವಂತೆ, ಸಭೆಗೆಲ್ಲ ತಿಳಿಯುವಂತೆ, ತೆಲುಗಿನಲ್ಲಿ ಹೇಳಿದಳು, ಮೀ ಐಡಿಯಾ ಕದಂಡಿ, ಮೀರೇ ತೀಯಂಡಿ. ನಿಮ್ಮ ಐಡಿಯಾ ಅಲ್ವೇನ್ರಿ, ನೀವೇ ತೆಗೀರಿ. ಎಲ್ಲ ತಲೆಗಳೂ ಅವಳ ಕಡೆ ತಿರುಗಿದವು, ಮೊದಲ ಸಾಲಿನವೂ, ಅವಳು ಯಾರನ್ನೂ ನೋಡಲಿಲ್ಲ, ಅವನ ಹೆಬ್ಬೆರಳು ಇನ್ನೂ ಒತ್ತುತ್ತಲೇ ಇದೆ, ಬಾಗಿಲು ಅದುರುತ್ತಿದೆ, ಹೊರಗೆ ಕಮಲಾ ಕಮಲಾ, ಒಳಗೆ ಗೋಡೆಯಷ್ಟು ದೊಡ್ಡದಾಗಿ ಆ ಕೈ, ಅರಿಸಿನದ ಉಗುರು, ಸುಟ್ಟ ಕಲೆ, ಬಳೆಗಳನ್ನು ಹಿಡಿದ ಇನ್ನೊಂದು ಕೈ, ಒತ್ತಿದ, ಅಗುಳಿಯ ಮೇಲೆ ಕೈ, ಒತ್ತಿದ, ಅಗುಳಿಯ ಮೇಲೆ ಕೈ, ಅಗುಳಿಯ ಮೇಲೆ ಅಮ್ಮನ ಕೈ